ಈಶಾನ್ಯದ ಚಿಮ್ನಿ

"ದೇವರ ಮನೆ ಮಾಡಿಸಿರೋ ಜಾಗದಲ್ಲಿ ಮೊದಲು ಏನಿತ್ತು?"

ಡಾಕ್ಟರಮ್ಮ ಕಳಿಸಿದ ಫೋಟೋ ನೋಡಿ ನಾನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಅವರು ಹ್ಯೂಸ್ಟನ್ನಿನಲ್ಲಿ ಮಕ್ಕಳ ಡಾಕ್ಟರು, ಧಾರವಾಡದ ಕಡೆಯವರು. ನಾನು ಆಸ್ಟಿನ್‌ನಲ್ಲಿ ಹಳೇ ಕಟ್ಟಡಗಳ ದುರಸ್ತಿ ನೋಡುವ ಸ್ಟ್ರಕ್ಚರಲ್ ಎಂಜಿನಿಯರ್. ಒಂದು ಯುಗಾದಿ ಊಟಕ್ಕೆ ಒಂದೇ ಪಾತ್ರೆಯಲ್ಲಿ ಚಿತ್ರಾನ್ನ ಕಲೆಸಿದ್ದಷ್ಟೇ ನಮ್ಮ ಪರಿಚಯ. ಫೋಟೋದಲ್ಲಿ ಕರೀ ಗ್ರಾನೈಟಿನ ಕಟ್ಟೆ, ಅದರ ಮೇಲೆ ದೇವರು, ಉರಿಯುವ ದೀಪ. ಮೇಲುಗಡೆ ಪ್ಲಾಸ್ಟರಿನಲ್ಲಿ ಒಂದು ಬಿರುಕು, ಹೊಸದು. ಪಕ್ಕದ ಮನೆಯವರ ಗೋಡೆಯೂ ಬಿರುಕು ಬಿಟ್ಟಿದೆಯಂತೆ, ಅವರು ಗಲಾಟೆ ಮಾಡುತ್ತಿದ್ದಾರಂತೆ.

"ಫೈರ್‌ಪ್ಲೇಸ್ ಇತ್ತು ಅಕ್ಕಾ. ತಗಿಸಿದ್ವಿ."

"ತೆಗೆಸಿದ್ದು ಅಂದ್ರೆ? ಮುಚ್ಚಿಸಿದ್ದಾ, ಒಡೆಸಿದ್ದಾ?"

"ಒಡಿಸಿದ್ವಿ."

"ಮೇಲಿನ ಚಿಮ್ನಿ?"

"ಅದು ಹಂಗ ಅದ ರೀ. ಮ್ಯಾಲಿಂದು ನಮಗೇನ ತ್ರಾಸ ಇರಲಿಲ್ಲ. ಸುಮ್ಮನ ಯಾಕ ಮುಟ್ಟೂದು ಅಂತ ಬಿಟ್ವಿ."

ಮೇಲಂತಸ್ತಿನ ಚಿಮ್ನಿ, ಅದರ ಮೇಲೆ ಅಟ್ಟದೊಳಗಿನ ಚಿಮ್ನಿ, ಅದರ ಮೇಲೆ ಚಾವಣಿ ದಾಟಿ ಆಕಾಶಕ್ಕೆ ಎದ್ದ ಇಟ್ಟಿಗೆ ಗೋಪುರ. ಇಷ್ಟಕ್ಕೂ ಕೆಳಗಿದ್ದ ಕಾಲನ್ನು ಕಡಿದುಹಾಕಿ, ಮೇಲಿನದನ್ನು ಮುಟ್ಟಲಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತಿದ್ದಾರೆ.

"ಈಗಲೇ ಎಲ್ಲರೂ ಹೊರಗೆ ಬನ್ನಿ. ಪಕ್ಕದ ಮನೆಯವರನ್ನೂ ಕರೀರಿ. ಏನೂ ಎತ್ಕೊಳ್ಳೋಕೆ ಹೋಗ್ಬೇಡಿ," ಎಂದು ಕಿರುಚಿದೆ. ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಹೆಲ್ಮೆಟ್ಟು, ಬೂಟು, ಟಾರ್ಚು ಕಾರಿಗೆ ಎಸೆದು ಹೊರಟೆ. ದಾರಿಯಲ್ಲಿ ಹ್ಯೂಸ್ಟನ್ ನಗರದ ಕಟ್ಟಡ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ, ಆಮೇಲೆ ನಮ್ಮ ಜೊತೆ ಕೆಲಸ ಮಾಡುವ ಮೇಸ್ತ್ರಿಗೆ. ಹಳೇ ಮನೆಗಳನ್ನು ಜಾಕ್ ಕೊಟ್ಟು ಎತ್ತುವುದು, ಆಸರೆ ನಿಲ್ಲಿಸುವುದು ಆತನ ಕಸುಬು. ರೇಡಿಯೋದಲ್ಲಿ ಮೆಕ್ಸಿಕೋ ಕೊಲ್ಲಿಯ ಚಂಡಮಾರುತದ ಸುದ್ದಿ ಬರುತ್ತಿತ್ತು. ನಾಡಿದ್ದು ರಾತ್ರಿ ಕರಾವಳಿ ಮುಟ್ಟಬಹುದು, ಹ್ಯೂಸ್ಟನ್ನಿನ ಮೇಲೇ ಬಂದರೂ ಬಂತು ಎನ್ನುತ್ತಿದ್ದರು.

ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಸುಳ್ಳು ಯಾಕೆ ಹೇಳಲಿ, ಭಯದ ನಡುವೆಯೂ ಒಂದು ಕ್ಷಣ ಕಣ್ಣು ತಂಪಾಯಿತು. ಡೌನ್‌ಟೌನಿಗೆ ಹತ್ತಿರದ ಹಳೇ ಬೀದಿ. ಹೆಗಲಿಗೆ ಹೆಗಲು ಕೊಟ್ಟು ಕೂತ ಅಕ್ಕತಂಗಿಯರ ಹಾಗೆ ಎರಡು ಮನೆ, ಒಂದೇ ಚಾವಣಿ, ನಡುವೆ ಒಂದೇ ಗೋಡೆ. ಮುಖ ಕಿರಿದು, ಒಡಲು ಉದ್ದ. ಆಳೆತ್ತರದ ಕಿಟಕಿಗಳು, ಅವುಗಳ ತಲೆಯ ಮೇಲೆ ಕೆತ್ತಿದ ಕಲ್ಲಿನ ಪಟ್ಟಿ, ಮೇಲಂತಸ್ತಿನಲ್ಲಿ ಎರಕದ ಕಬ್ಬಿಣದ ಪುಟ್ಟ ಬಾಲ್ಕನಿ. ಸೂರಿನ ಕೆಳಗೆ ಇಟ್ಟಿಗೆಯನ್ನೇ ಒಂದರ ಮುಂದೊಂದು ಚಾಚಿಸಿ ಮೆಟ್ಟಿಲಿನಂತೆ ಕಟ್ಟಿದ ಅಂಚು. ಎರಡೂ ಮನೆಗೆ ಸೇರಿದ ಜೋಡಿ ಚಿಮ್ನಿಗಳು ನಡುಗೋಡೆಯ ಮೇಲೆ ಎದ್ದಿದ್ದವು. ಈ ಜೋಡಿ ಚಿಮ್ನಿಗಾಗಿಯೇ ಇದು ನಗರದ ಚಾರಿತ್ರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಹೊರಗಿನ ಒಂದು ಇಟ್ಟಿಗೆ ಬದಲಿಸಬೇಕಾದರೂ ಸಮಿತಿಯ ಒಪ್ಪಿಗೆ ಬೇಕು. ಒಳಗಿನ ಅಂದಚಂದ ಮಾತ್ರ ಯಜಮಾನರ ಇಷ್ಟ. ಅನಾಹುತ ಒಳಗಿಂದಲೇ ಬಂದಿತ್ತು.

ಪಕ್ಕದ ಮನೆಯಾಕೆ ಫುಟ್‌ಪಾತಿನ ಮೇಲೆ ಕೈಕಟ್ಟಿ ನಿಂತಿದ್ದರು. ಚರ್ಚಿನಲ್ಲಿ ಪಿಯಾನೊ ನುಡಿಸುವವರು, ಅರವತ್ತರ ಆಸುಪಾಸು, ಅದೇ ಮನೆಯಲ್ಲಿ ಹುಟ್ಟಿದವರು. ನಾನು ಮೊದಲು ಅವರ ಮನೆಗೇ ಹೋದೆ. ಮೇಲಿನ ಮಲಗುವ ಕೋಣೆಯಲ್ಲಿ, ನಡುಗೋಡೆಯ ಚಿಮ್ನಿಯ ಎದೆಯ ಮೇಲೆ, ಮೇಲಿಂದ ಕೆಳಗೆ ನೇರವಾಗಿ ಸೀಳು ಬಿಟ್ಟಿತ್ತು. ಬೆರಳಿನ ತುದಿ ಒಳಗೆ ಹೋಗುವಷ್ಟು ಅಗಲ. ಡಾಕ್ಟರಮ್ಮನ ಕಡೆಯ ಅರ್ಧ ಚಿಮ್ನಿಗೆ ಕಾಲಿಲ್ಲದೆ, ಅದು ತನ್ನ ಭಾರವನ್ನೆಲ್ಲ ಈಕೆಯ ಅರ್ಧದ ಮೇಲೆ ಹೇರಿ ಜೋತುಬಿದ್ದಿತ್ತು. ಈಕೆಯ ಮಂಚ ಆ ಸೀಳಿನ ಕೆಳಗೇ ಇತ್ತು.

ಡಾಕ್ಟರಮ್ಮನ ಮನೆಯಲ್ಲಿ ಕಟ್ಟೆಯ ಮೇಲಿನ ಮರದ ಹಲಗೆ ಒಂದನ್ನು ಬಿಚ್ಚಿ ಟಾರ್ಚು ಬಿಟ್ಟೆ. ಇಟ್ಟಿಗೆಗಳ ಬರೀ ತಳ ಕಾಣಿಸಿತು. ಒಂದು ಉಕ್ಕಿನ ಪಟ್ಟಿಯಿಲ್ಲ, ತೊಲೆಯಿಲ್ಲ. ಹಳೇ ಸುಣ್ಣದ ಗಾರೆ, ಇಟ್ಟಿಗೆ ಇಟ್ಟಿಗೆಯನ್ನು ಕಚ್ಚಿಕೊಂಡ ಬಿಗಿ, ಪಕ್ಕದ ಮನೆಯ ಗೋಡೆಯ ಪುಣ್ಯ. ಇಷ್ಟೇ ಅದನ್ನು ಹಿಡಿದಿದ್ದು. ನಾನು ನೋಡುತ್ತಿರುವಾಗಲೇ ಒಂದು ಚೂರು ಗಾರೆ ಉದುರಿ ಕುಂಕುಮದ ಬಟ್ಟಲಿಗೆ ಬಿತ್ತು. ಸದ್ದಿಲ್ಲದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬಂದೆ.

"ಯಾರ್ರೀ ಹೇಳಿದ್ದು ನಿಮಗೆ ಇದನ್ನ ಒಡೆಸೋಕೆ?" ನನ್ನ ಬಾಯಿ ಒಳ್ಳೆಯದಲ್ಲ. ಸಿಟ್ಟು ಬಂದಾಗ ಎದುರಿಗಿರುವವರು ಡಾಕ್ಟರೋ ಕಲೆಕ್ಟರೋ ನೋಡುವುದಿಲ್ಲ.

ವಾಸ್ತು ನೋಡುವವರು ಹುಬ್ಬಳ್ಳಿಯಿಂದ ವಿಡಿಯೋ ಕಾಲಿನಲ್ಲಿ ಮನೆಯನ್ನೆಲ್ಲ ಸುತ್ತಿದ್ದರಂತೆ. ಈಶಾನ್ಯ ಮೂಲೆಯಲ್ಲಿ ಬೆಂಕಿಯ ಗೂಡು ಇರಕೂಡದು, ಅಲ್ಲಿ ದೇವರಿರಬೇಕು ಎಂದರಂತೆ. ಆಗಿನ್ನೂ ಅತ್ತೆ ಊರಿನಿಂದ ಬರುವವರಿದ್ದರು. ಊರಾಚೆಯ ಬಡಾವಣೆ ಫುಲ್‌ಶೀರ್‌ನ ಹೊಸ ಮನೆ ಬಿಟ್ಟು ಈ ಹಳೇ ಮನೆಗೆ ಆಸೆಪಟ್ಟು ಬಂದವರು ಡಾಕ್ಟರಮ್ಮ. ಅತ್ತೆ ಮೊದಲ ದಿನವೇ ಮುಖ ತಿರುವಿದರೆ ಎಂಬ ಹೆದರಿಕೆ. ಅಡುಗೆಮನೆ ರಿಮಾಡೆಲ್ ಮಾಡುತ್ತಿದ್ದ ಕಂಟ್ರ್ಯಾಕ್ಟರನಿಗೆ ಇದನ್ನೂ ಒಡೆಯಲು ಹೇಳಿದರು. ಆತ ಒಡೆದು, ಹಲಗೆ ಹೊಡೆದು, ಬಣ್ಣ ಬಳಿದು ಹೋದ. ಒಬ್ಬ ಎಂಜಿನಿಯರನನ್ನು ಕೇಳಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಡಾಕ್ಟರಮ್ಮನ ಗಂಡ ಈ ಬಿರುಕು ಕಂಡ ವಾರ ಕೆಲಸದ ಮೇಲೆ ಭಾರತದಲ್ಲಿದ್ದರು.

ಇನ್‌ಸ್ಪೆಕ್ಟರ್ ಬಂದು, ನೋಡಿ, ಮಾತಾಡದೆ ಎರಡೂ ಬಾಗಿಲಿಗೆ ಕೆಂಪು ನೋಟಿಸು ಅಂಟಿಸಿದರು. ಕೆಲಸದವರನ್ನು ಬಿಟ್ಟು ಯಾರೂ ಒಳಗೆ ಕಾಲಿಡುವಂತಿಲ್ಲ. ಚಂಡಮಾರುತ ಬರುವುದರೊಳಗೆ ಚಿಮ್ನಿಗೆ ಕೆಳಗಿನಿಂದ ಗಟ್ಟಿ ಆಸರೆ ಸಿಗಬೇಕು. ಇಲ್ಲವಾದರೆ ಕ್ರೇನ್ ತಂದು ಜೋಡಿ ಚಿಮ್ನಿಯನ್ನೂ ನಡುಗೋಡೆಯ ಮೇಲ್ಭಾಗವನ್ನೂ ಕೆಡವುತ್ತೇವೆ ಎಂದರು. ಕೆಡವುವುದೆಂದರೆ ಪಕ್ಕದ ಮನೆಯಾಕೆಯ ಚಾವಣಿಯನ್ನು ಚಂಡಮಾರುತದ ಬಾಯಿಗೆ ತೆರೆದಿಡುವುದು. ಆ ಮಳೆಗೆ ಹಳೇ ಮರದ ಅಟ್ಟಣೆ, ಸುಣ್ಣದ ಪ್ಲಾಸ್ಟರು ಯಾವುದೂ ಉಳಿಯುವುದಿಲ್ಲ. ಆಕೆಗೂ ಅದು ಅರ್ಥವಾಯಿತು.

"ನಿಮಗೆ ಗೊತ್ತಿತ್ತಾ, ನಾನು ಅದರ ಕೆಳಗೆ ಮಲಗ್ತೀನಿ ಅಂತ?" ಆಕೆ ಡಾಕ್ಟರಮ್ಮನನ್ನು ನೇರವಾಗಿ ಕೇಳಿದರು.

ಡಾಕ್ಟರಮ್ಮ ನೆಲ ನೋಡಿದರು. ಆಕೆ ಬ್ಯಾಗು ಎತ್ತಿಕೊಂಡು ತಂಗಿಯ ಕಾರು ಹತ್ತಿದರು. ಆಮೇಲೆ ಡಾಕ್ಟರಮ್ಮ ನನ್ನ ಹತ್ತಿರ ಬಂದು, "ಇನ್ಶೂರೆನ್ಸ್‌ನವರು ಫೋನಿನ್ಯಾಗ ಕಡ್ಡಿ ಮುರದಂಗ ಹೇಳ್ಯಾರ ಅಕ್ಕಾ, ತಪ್ಪು ನಮ್ಮದು ಅಂತ ಯಾರ ಮುಂದನೂ ಅನಬ್ಯಾಡ್ರಿ ಅಂತ," ಎಂದರು. ನನಗೆ ಮೈ ಉರಿಯಿತು. ಮುಖ ತಿರುಗಿಸಿ ಮೇಸ್ತ್ರಿಗೆ ಮತ್ತೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಮತ್ತು ಆತನ ಜನ ಬಂದರು. ಎಲ್ ಸಾಲ್ವಡೋರ್ ದೇಶದಿಂದ ಬಂದವರು, ಕೆಲಸದಲ್ಲಿ ಕಲ್ಲಿನಂಥ ಮನುಷ್ಯರು. ನನ್ನ ಮೊದಲ ಲೆಕ್ಕ ಇದು: ಮೇಲಂತಸ್ತಿನಲ್ಲಿ ಚಿಮ್ನಿಯ ಬುಡಕ್ಕೆ ಅಡ್ಡಲಾಗಿ ಎರಡು ತೂತು ಕೊರೆದು, ಉಕ್ಕಿನ ತೊಲೆ ತೂರಿಸಿ, ತೊಲೆಯ ಎರಡೂ ತುದಿಗೆ ಕಂಬ ಕೊಡುವುದು. ಪುಸ್ತಕದಲ್ಲಿರುವ ಕ್ರಮ. ಕೊರೆಯುವ ಯಂತ್ರ ನಾಲ್ಕು ಬೆರಳು ಒಳಹೋಯಿತೋ ಇಲ್ಲವೋ, ಗಾರೆ ಸಕ್ಕರೆಯಂತೆ ಸುರಿಯತೊಡಗಿತು. ಹಿಂದೆ ಯಾರೋ ಹೊರಗಿನಿಂದ ಸಿಮೆಂಟು ಮೆತ್ತಿದ್ದರು. ಅದು ತೇವವನ್ನು ಒಳಗೇ ಕೂಡಿಹಾಕಿ ಸುಣ್ಣವನ್ನು ಪುಡಿಮಾಡಿತ್ತು. "ನಿಲ್ಸಿ, ನಿಲ್ಸಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಭಾಷೆ ಬಾರದಿದ್ದರೂ ಯಂತ್ರ ನಿಂತಿತು.

ಮಧ್ಯಾಹ್ನ ಇನ್ನೊಂದು ಸುದ್ದಿ ಬಂತು. ಡಾಲಸ್‌ನಿಂದ ಬರಬೇಕಿದ್ದ ಕ್ರೇನನ್ನು ಚಂಡಮಾರುತದ ಭಯಕ್ಕೆ ಅಲ್ಲೇ ತಡೆದಿದ್ದಾರೆ. ಕೆಡವುವ ದಾರಿಯೂ ಮುಚ್ಚಿತು ಎಂದಾಯಿತು. ಇನ್ನು ಕೆಳಗಿನಿಂದ ಎತ್ತಿ ಹಿಡಿಯಬೇಕು, ಅಥವಾ ಬೀಳುವುದನ್ನು ನೋಡುತ್ತ ನಿಲ್ಲಬೇಕು.

ಕೆಳಗಿನಿಂದ ಎಂದರೆ ಎಲ್ಲಿಂದ? ಹ್ಯೂಸ್ಟನ್ನಿನ ಹಳೇ ಮನೆಗಳು ನೆಲದ ಮೇಲೆ ಕೂತಿರುವುದಿಲ್ಲ. ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ಮರದ ನೆಲ ಇರುತ್ತದೆ, ಕೆಳಗೆ ತೆವಳುವಷ್ಟು ಜಾಗ, ಅದರ ಕೆಳಗೆ ಅಂಟು ಜೇಡಿಮಣ್ಣು. ಆ ಮರದ ನೆಲದ ಮೇಲೆ ಚಿಮ್ನಿಯ ಭಾರ ಇಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಭಾರ ಹೊರಬಲ್ಲ ಜಾಗ ಇಡೀ ಮನೆಯಲ್ಲಿ ಒಂದೇ, ಚಿಮ್ನಿಯ ಹಳೇ ಅಡಿಪಾಯ. ಕಂಟ್ರ್ಯಾಕ್ಟರ್ ನೆಲದಿಂದ ಮೇಲಿನದನ್ನಷ್ಟೇ ಒಡೆದಿದ್ದ. ಅಡಿಪಾಯ ಹಾಗೇ ಇತ್ತು, ದೇವರ ಕಟ್ಟೆಯ ಕೆಳಗೆ.

"ಆ ಕಟ್ಟೆ ತೆಗೀಬೇಕು," ಎಂದೆ ಡಾಕ್ಟರಮ್ಮನಿಗೆ.

ಅವರ ಮುಖ ಬಿಳಚಿಕೊಂಡಿತು. "ನವರಾತ್ರಿ ಅಲ್ಲೇನ್ರಿ ಅಕ್ಕಾ? ಅತ್ಯಾರು ಘಟಾ ಕೂಡಿಸ್ಯಾರ."

ನಾನು ಮೈಸೂರಿನವಳು. ನಮಗೆ ದಸರಾ ಎಂದರೆ ಬೊಂಬೆ. ಘಟದ ಕಟ್ಟುನಿಟ್ಟು ನನಗೆ ಅಂದೇ ತಿಳಿದದ್ದು. ಪಾಡ್ಯದ ದಿನ ತಟ್ಟೆಯಲ್ಲಿ ಮಣ್ಣು ಹರಡಿ, ನವಧಾನ್ಯ ಬಿತ್ತಿ, ನಡುವೆ ನೀರು ತುಂಬಿದ ಘಟ ಇಡುತ್ತಾರೆ. ಪಕ್ಕದಲ್ಲಿ ನಂದಾದೀಪ. ದಸರಾ ಮುಗಿಯುವ ತನಕ ಘಟ ಅಲ್ಲಾಡಬಾರದು, ದೀಪ ಆರಬಾರದು. ನೋಟಿಸು ಅಂಟಿಸುವಾಗ ಆ ದೀಪ ಆರಿಸಲು ಯಾರಿಗೂ ಧೈರ್ಯವಾಗಿರಲಿಲ್ಲ. ಸ್ವತಃ ಅತ್ತೆಗೆ ಯಾರೂ ನಿಜ ಹೇಳಿರಲಿಲ್ಲ. ಗೋಡೆಯಲ್ಲಿ ಸಣ್ಣ ರಿಪೇರಿ, ಎರಡು ದಿನ ಗೆಳತಿಯ ಮನೆಯಲ್ಲಿರೋಣ ಎಂದು ಕರೆದೊಯ್ದಿದ್ದರು. ಬೆಳಿಗ್ಗೆ ಡಾಕ್ಟರಮ್ಮ ಮೇಸ್ತ್ರಿಯ ಕೈಗೆ ಎಣ್ಣೆ ಬಾಟಲಿ ಕೊಟ್ಟಿದ್ದರು, ಆತ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ದೀಪಕ್ಕೆ ಎಣ್ಣೆ ಹೊಯ್ದು ಬಂದಿದ್ದ. ಇದು ನನಗೆ ಆಗಲೇ ತಿಳಿದಿದ್ದರೆ ಇಬ್ಬರನ್ನೂ ಅಲ್ಲೇ ಜಾಡಿಸುತ್ತಿದ್ದೆ.

"ಬ್ಯಾರೆ ಹಾದಿ ಇಲ್ಲೇನ್ರಿ?" ಎಂದು ಡಾಕ್ಟರಮ್ಮ ಗೋಗರೆದರು. ನಾನು ಕರಗಿದೆ. ಅಡಿಪಾಯದ ಎರಡು ತುದಿಗೆ ಎರಡು ಕಂಬ ನಿಲ್ಲಿಸಿ, ಘಟದ ತಲೆಯ ಮೇಲೆ ತೊಲೆ ಹಾಯಿಸಿದರೆ ಕಟ್ಟೆ ಮುಟ್ಟಬೇಕಿಲ್ಲ. ಹಾಳೆಯ ಮೇಲೆ ಚೆನ್ನಾಗಿ ಕೂತಿತು. ಮೇಸ್ತ್ರಿಯೂ ನಾನೂ ನೆಲದಡಿ ತೆವಳಿದೆವು. ಮೂಗಿಗೆ ತಾಗುವಂತೆ ಮರದ ತೊಲೆಗಳು, ಕೆಸರು, ಜೇಡರ ಬಲೆ. ಅಡಿಪಾಯದ ಪಶ್ಚಿಮದ ತುದಿ ಗಟ್ಟಿಯಿತ್ತು. ಪೂರ್ವದ ತುದಿಗೆ ಟಾರ್ಚು ಬಿಟ್ಟರೆ ಅದು ಅಡ್ಡಡ್ಡ ಸೀಳಿ, ಒಂದು ಹೋಳು ಜೇಡಿಗೆ ಜಾರಿತ್ತು. ಅದರ ಮೇಲೆ ಕಂಬ ನಿಲ್ಲಿಸಿದರೆ ದೇವರೇ ಗತಿ. ಭಾರ ಕೂರಬೇಕಾದದ್ದು ನಟ್ಟನಡುವೆ ಮಾತ್ರ. ಹೊರಬರುವಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು, ಒಂದು ಇಡೀ ದಿನ ಕೈತಪ್ಪಿಹೋಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

"ನಿಮ್ಮತ್ತೆಗೆ ಇವತ್ತು ನಿಜ ಹೇಳಿ," ಎಂದೆ.

"ಹೇಳ್ತೀನಿ," ಎಂದರು. ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆಕಾಶ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಗಾಳಿ ಇನ್ನೂ ಬಂದಿರಲಿಲ್ಲ. ಮೇಸ್ತ್ರಿಯ ಜನ ಲಾರಿಯಿಂದ ಮರದ ದಿಮ್ಮಿ ಇಳಿಸುತ್ತಿದ್ದರು. ಡಾಕ್ಟರಮ್ಮ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡೇ ಬಂದಿದ್ದರು. ದೇವರ ಮನೆ ಕಡೆ ಒಂದು ಸಲ ನೋಡಿಬರುತ್ತೇನೆಂದು ಅತ್ತೆ ಹಟ ಹಿಡಿದಿದ್ದರಂತೆ. ಡಾಕ್ಟರಮ್ಮನೂ ನಾನೂ ನಕ್ಷೆಯ ಹಾಳೆ ನೋಡುತ್ತ ನಿಂತಿದ್ದಾಗ ಮೇಸ್ತ್ರಿ ಓಡಿಬಂದು, ಮುದುಕಿ ಒಳಗಿದ್ದಾಳೆ ಎಂದು ಕೈಮಾಡಿ ತೋರಿಸಿದ. ಕಾರು ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು.

ಎಲ್ಲರನ್ನೂ ಹೊರಗೇ ತಡೆದು ನಾನೊಬ್ಬಳೇ ಹೋದೆ. ಅತ್ತೆ, ಆ ಅಮ್ಮ, ಕಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನಿಧಾನವಾಗಿ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದರು. ತಟ್ಟೆಯ ಮಣ್ಣಿನಲ್ಲಿ ಕಾಳು ಆಗತಾನೆ ಮೊಳಕೆಯೊಡೆದಿತ್ತು. ಅವರ ಸೆರಗಿನ ಮೇಲೆ ಗಾರೆಯ ಪುಡಿ.

"ಅಮ್ಮ, ಏಳಿ. ತಕ್ಷಣ ಹೊರಗೆ ಬನ್ನಿ."

"ಯಾಕವಾ ತಂಗಿ ಇಷ್ಟ್ ಗಡಬಡಿ? ಎಣ್ಣಿ ಹಾಕಿ ಬರ್ತೀನಿ. ದೀಪ ಆರಿದ್ರ ಮನಿಗೆ ಛಲೋ ಅಲ್ಲ."

ಆಗ ನನಗೆ ತಾಳ್ಮೆ ಉಳಿಯಲಿಲ್ಲ. ಸಮಾಧಾನದ ಮಾತು ಒಂದೂ ಬರಲಿಲ್ಲ. "ದೀಪ ಅಲ್ಲ, ಮನೆಯೇ ಹೋಗುತ್ತೆ ಅಮ್ಮ! ಮೇಲೆ ನೋಡಿ. ನಿಮ್ಮ ತಲೆ ಮೇಲೆ ಎರಡು ಲಾರಿ ಇಟ್ಟಿಗೆ ನೇತಾಡ್ತಾ ಇದೆ. ಇದಕ್ಕೆ ಇಲ್ಲಿ ಕಾಲಿತ್ತು. ದೇವರಿಗೆ ಜಾಗ ಬೇಕು ಅಂತ ಕಡಿಸಿಬಿಟ್ರು. ಈಗ ಅದು ಪಕ್ಕದ ಮನೆ ಗೋಡೆಗೆ ಜೋತುಬಿದ್ದಿದೆ. ಗೋಡೆಯ ಆ ಕಡೆ ಒಬ್ಬಾಕೆ ಮಲಗ್ತಾರೆ. ಇವತ್ತು ರಾತ್ರಿ ಬಿರುಗಾಳಿ. ನನಗೆ ಆಸರೆ ಇಡೋಕೆ ಇರೋದು ನೀವು ಕೂತಿರೋ ಜಾಗ ಒಂದೇ."

ಅವರು ತಲೆಯೆತ್ತಿ, ಹಲಗೆ ಬಿಚ್ಚಿದ ಸಂದಿಯನ್ನು ದೀರ್ಘವಾಗಿ ನೋಡಿದರು. ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು.

"ದೇವರಿಗಂತ ಕಡಿಸಿದ್ರ? ನನಗಂತ?"

"ಹೂಂ. ಈಶಾನ್ಯದಲ್ಲಿ ಒಲೆ ಇದ್ರೆ ನೀವು ಒಪ್ಪಲ್ಲ ಅಂತ."

"ನಾ ಎಲ್ಲಿ ಹೇಳಿದ್ನೆ ನಮ್ಮವ್ವಾ! ಅಡಗಿಮನಿ ಗ್ವಾಡಿ ಮಾಡದಾಗ ದೇವರನ್ನ ಇಟ್ಟು, ಒಲಿ ಮುಂದ ಕೂತು, ಹೊಗಿಯೊಳಗ ಜೀವಮಾನ ಪೂಜಾ ಮಾಡಿದಾಕಿ ನಾ. ನನ್ನ ಒಂದು ಮಾತು ಕೇಳಬಾರದ?" ಅವರು ಸೆರಗಿನ ಮೇಲಿನ ಪುಡಿ ಕೊಡವಿದರು. ಆಮೇಲೆ, "ಆಕಿ, ಬಾಜೂಮನಿಯಾಕಿ, ಈಗೆಲ್ಲಿದ್ದಾಳ?" ಎಂದು ಕೇಳಿದರು.

"ತಂಗಿಯ ಮನೆಯಲ್ಲಿ."

"ನಮ್ಮ ಘಟಾ ಇಲ್ಲೆ ಕೂತು ಆಕಿ ಮನಿ ಕೆಡವೂದ ಬ್ಯಾಡ. ಐದು ನಿಮಿಷ ಕೊಡು ತಂಗಿ. ಹಂಗ ಎತ್ತಲಿಕ್ಕೆ ಬರೂದಿಲ್ಲ, ಕೇಳಿ ಎತ್ತಬೇಕು."

ಐದು ನಿಮಿಷ ಕೊಡಬಾರದಿತ್ತು. ಕೊಟ್ಟೆ. ನನ್ನ ಹೆಲ್ಮೆಟ್ಟು ತೆಗೆದು ಅವರ ತಲೆಗೆ ಹಾಕಿದೆ. ಅವರು ಅದರ ಮೇಲೆ ಸೆರಗು ಹೊದ್ದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಕ್ಷತೆ ಹಾಕಿದರು, ಕೈಮುಗಿದು ಏನೋ ಹೇಳಿಕೊಂಡರು, ಘಟವನ್ನು ಎರಡು ಕೈಯಲ್ಲಿ ಹಿಡಿದು ಉತ್ತರಕ್ಕೆ ಒಂದಿಷ್ಟು ಕದಲಿಸಿದರು. ಆಮೇಲೆ ಒಂದು ಸೇವಂತಿಗೆ ಹೂವು ತೆಗೆದು, ಬತ್ತಿಯ ಮೇಲಿಟ್ಟು, ದೀಪವನ್ನು ಶಾಂತ ಮಾಡಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತಲೆಯ ಮೇಲೆ ಎಲ್ಲೋ ಇಟ್ಟಿಗೆ ಟಿಕ್ ಎಂದಿತು. ನಾನು ಅವರ ರಟ್ಟೆ ಹಿಡಿದು, ಘಟದ ಸಮೇತ ಹೊರಗೆ ಎಳೆದುಕೊಂಡು ಬಂದೆ.

ಅಲ್ಲಿಂದ ಕೆಲಸ ಓಡಿತು. ಗ್ರಾನೈಟು ಹೊರಗೆ ಬಂತು, ಕೆಳಗಿನ ಮರದ ನೆಲ ಕತ್ತರಿಸಿದರು, ಅಡಿಪಾಯದ ನಡುಭಾಗ ಬಿರುಕಿಲ್ಲದೆ ಗಟ್ಟಿಯಾಗಿ ಕಾಣಿಸಿತು. ಅದರ ಮೇಲೆ ಓಕ್ ಮರದ ದಿಮ್ಮಿಗಳನ್ನು ಒಂದು ಸಾಲು ಅಡ್ಡ, ಒಂದು ಸಾಲು ಉದ್ದ, ಹೀಗೆ ಪೇರಿಸಿದರು. ಒಳಗೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದೆಂದು ನಾನು ಹೇಳಿದ್ದೆ. ಒಬ್ಬ ದಿಮ್ಮಿ ಇಡುವಾಗ ಇನ್ನೊಬ್ಬ ಮೇಲೆಯೇ ಕಣ್ಣಿಟ್ಟು ನಿಲ್ಲಬೇಕು. ದಿಮ್ಮಿಗಳ ಮೇಲೆ ಎರಡು ಜಾಕು, ಜಾಕುಗಳ ಮೇಲೆ ಉಕ್ಕಿನ ತೊಲೆ, ತೊಲೆಯ ಮೇಲೆ ದಪ್ಪ ತಗಡು. ತಗಡಿಗೂ ಚಿಮ್ನಿಯ ತಳಕ್ಕೂ ನಡುವೆ ಗಟ್ಟಿ ಗಾರೆ ಮೆತ್ತಿ, ಅದು ಬಿಗಿಯುವ ತನಕ ಕಾಯಬೇಕಿತ್ತು. ಆ ಕಾಯುವಿಕೆಯಷ್ಟು ಕೆಟ್ಟದ್ದು ಬೇರೆ ಇಲ್ಲ. ಹೊರಗೆ ಮೊದಲ ಗಾಳಿ ಬೀಸಿತು. ಬೀದಿಯ ಮರಗಳು ಎಲೆಯ ಬೆನ್ನು ತೋರಿಸಿದವು.

ಪಕ್ಕದ ಮನೆಯ ಸೀಳಿನ ಎರಡು ಬದಿಗೆ ಅಂಟುವಂತೆ ಗೆರೆ ಹಾಕಿದ ಪಾರದರ್ಶಕ ಪಟ್ಟಿ ಕೂರಿಸಿದ್ದೆ. ಸೀಳು ಕೂದಲಿನಷ್ಟು ಅಲುಗಿದರೂ ಅದರಲ್ಲಿ ಕಾಣುತ್ತದೆ. ಅದರ ಮುಂದೆ ಒಂದು ಫೋನು ನಿಲ್ಲಿಸಿ, ಅದರ ವಿಡಿಯೋವನ್ನು ಕೈಯಲ್ಲಿದ್ದ ಫೋನಿನಲ್ಲಿ ನೋಡುತ್ತ, ಬಾಗಿಲ ಚೌಕಟ್ಟಿನಲ್ಲಿ ನಿಂತೆ. ಮೇಸ್ತ್ರಿ ಜಾಕಿನ ಹಿಡಿ ಒತ್ತಿದ. ಮತ್ತೆ ಒತ್ತಿದ. ದಿಮ್ಮಿಗಳು ಭಾರ ತೆಗೆದುಕೊಳ್ಳುತ್ತ ಮುಲುಗಿದವು. ಪಟ್ಟಿಯಲ್ಲಿ ಸೀಳು ಕಿರಿದಾಯಿತು. ನನಗೆ ಕುಣಿಯಬೇಕೆನಿಸಿತು. ಮತ್ತೊಂದು ಒತ್ತು, ಇನ್ನೂ ಕಿರಿದಾಯಿತು. ಇನ್ನೊಂದು ಒತ್ತಿಗೆ ಕಿರಿದಾಗುವುದು ನಿಂತು, ಗೆರೆ ಪಕ್ಕಕ್ಕೆ ಸರಿಯತೊಡಗಿತು.

"ನಿಲ್ಲಿಸು."

ಮೇಸ್ತ್ರಿ ತಿರುಗಿ ನೋಡಿದ. ಇನ್ನೊಂದೇ ಒತ್ತು, ಪೂರ್ತಿ ಮುಚ್ಚಿಹೋಗುತ್ತದೆ ಎಂದ. ನನಗೂ ಆಸೆಯಿತ್ತು. ಆ ಸೀಳು ಮುಚ್ಚಿ, ಆಕೆಗೆ ಗೋಡೆಯನ್ನು ಮೊದಲಿನ ಹಾಗೆ ಕೊಡಬೇಕೆಂಬ ಆಸೆ. ಆದರೆ ಗೆರೆ ಪಕ್ಕಕ್ಕೆ ಸರಿಯುತ್ತಿದೆ ಎಂದರೆ ಚಿಮ್ನಿ ಮೇಲಕ್ಕೆ ಏಳುತ್ತಿಲ್ಲ, ತಿರುಚುತ್ತಿದೆ. ಪುಡಿಯಾದ ಗಾರೆ ಅಷ್ಟನ್ನು ತಾಳುವುದಿಲ್ಲ. ಮೊದಲಿದ್ದ ಜಾಗಕ್ಕೆ ಅದನ್ನು ತಳ್ಳಲು ಹೋದರೆ ಈಗಿರುವುದೂ ಕೈಬಿಡುತ್ತದೆ. ಎತ್ತುವುದು ಬೇಡ, ಹಿಡಿದರೆ ಸಾಕು. "ಇಲ್ಲೇ ಬೀಗ ಹಾಕು," ಎಂದೆ. ಆತ ಗೊಣಗಿಕೊಂಡೇ ಜಾಕುಗಳಿಗೆ ಬೀಗ ಹಾಕಿದ. ಬದಿಗಳಲ್ಲಿ ಉಕ್ಕಿನ ಬೆಣೆ ಬಡಿದು ಬಿಗಿದೆವು. ಗೆರೆ ಸರಿಯುವುದು ನಿಂತಿತು. ನಾನು ಅದನ್ನು ನೋಡುತ್ತಲೇ ಇದ್ದೆ, ಕಣ್ಣು ಉರಿಯುವ ತನಕ.

ಆ ರಾತ್ರಿ ಡಾಕ್ಟರಮ್ಮನ ಗೆಳತಿಯ ಮನೆಯಲ್ಲಿ ನಾವು ಯಾರೂ ಮಲಗಲಿಲ್ಲ. ಕರೆಂಟು ಹೋದಾಗ ವಿಡಿಯೋವೂ ಹೋಯಿತು. ಬಿರುಗಾಳಿ ಕೊನೇ ಗಳಿಗೆಯಲ್ಲಿ ಪೂರ್ವಕ್ಕೆ ಹೊರಳಿತು ಎಂದು ಬೆಳಿಗ್ಗೆ ಗೊತ್ತಾಯಿತು. ಅದರ ಸೆರಗಿನ ಏಟೇ ಬೀದಿಯ ಅರ್ಧ ಮರಗಳನ್ನು ಮಲಗಿಸಿತ್ತು. ಮುರಿದ ಕೊಂಬೆಗಳನ್ನು ದಾಟಿಕೊಂಡು ಹೋಗಿ ನೋಡಿದರೆ, ಜೋಡಿ ಚಿಮ್ನಿ ಮಳೆಯಲ್ಲಿ ನೆನೆದು ಕಡುಗೆಂಪಾಗಿ ನಿಂತಿತ್ತು. ಒಳಗೆ ಗೆರೆ ಬಿಟ್ಟಲ್ಲೇ ಇತ್ತು. ಇನ್‌ಸ್ಪೆಕ್ಟರ್ ದಿಮ್ಮಿಗಳನ್ನು ಕೈಯಿಂದ ತಟ್ಟಿ, ಪಕ್ಕದ ಮನೆಯ ಬಾಗಿಲಿನ ಕೆಂಪು ನೋಟಿಸನ್ನು ಮೊದಲು ಕಿತ್ತರು. ಮೇಲಿನ ಆ ಕೋಣೆಯೊಂದನ್ನು ಬಿಟ್ಟು ಮಿಕ್ಕ ಮನೆಯಲ್ಲಿರಬಹುದು ಎಂದರು. ಡಾಕ್ಟರಮ್ಮನ ಮನೆಯ ನೋಟಿಸು ಇಟ್ಟಿಗೆಯಲ್ಲಿ ಕಾಲು ಕಟ್ಟಿಸಿ ಮುಗಿಯುವ ತನಕ ಇರುತ್ತದೆ.

ಪಕ್ಕದ ಮನೆಯಾಕೆ ಬಂದರು. ಕೀಲಿಕೈ ಹಿಡಿದು ಮೆಟ್ಟಿಲ ಮೇಲೆ ನಿಂತರೇ ಹೊರತು ಬಾಗಿಲು ತೆರೆಯಲಿಲ್ಲ. ತುಂತುರು ಇನ್ನೂ ಬೀಳುತ್ತಿತ್ತು. ಅಮ್ಮ ಕಾರಿನಿಂದ ಇಳಿದು, ಯಾರ ಕೈಯೂ ಹಿಡಿಯದೆ, ಕೊಂಬೆಗಳ ನಡುವೆ ಕಾಲಿಡುತ್ತ ಆಕೆಯ ಮುಂದೆ ಹೋಗಿ ನಿಂತರು. ಕೈಮುಗಿದರು.

"ನಮ್ಮಿಂದ ತಪ್ಪಾತು ತಾಯಿ. ನಿನ್ನ ತಲಿಮ್ಯಾಲೆ ಇಟ್ವಿ ನಾವು ಅದನ್ನ."

ಆಕೆಗೆ ಅರ್ಥವಾಗಲಿಲ್ಲ, ನನ್ನತ್ತ ತಿರುಗಿದರು. ನಾನು ಬಾಯಿ ತೆರೆದೆ, ತಡವರಿಸಿದೆ. ಈ ಮಾತನ್ನು ಇಂಗ್ಲಿಷಿಗೆ ತರುವ ಹಕ್ಕು ನನ್ನದಾಗಿರಲಿಲ್ಲ, ಕೇಳಿಸಿಕೊಳ್ಳಲು ಇನ್‌ಸ್ಪೆಕ್ಟರ್ ಬೇರೆ ಪಕ್ಕದಲ್ಲೇ ಇದ್ದರು. ಅಷ್ಟರಲ್ಲಿ ಡಾಕ್ಟರಮ್ಮ ಹಿಂದಿನಿಂದ ಬಂದು ಅತ್ತೆಯ ಪಕ್ಕ ನಿಂತರು.

"ತಪ್ಪು ನಮ್ಮದು ಅಂತ ನಮ್ಮತ್ತೆ ಹೇಳ್ತಿದ್ದಾರೆ," ಎಂದರು ಇಂಗ್ಲಿಷಿನಲ್ಲಿ. "ಅವರದಲ್ಲ. ನನ್ನದು. ನಾನು ಯಾರನ್ನೂ ಕೇಳಲಿಲ್ಲ. ನೀವು ಆ ಗೋಡೆಯ ಹತ್ತಿರ ಮಲಗ್ತೀರಿ ಅನ್ನೋದು ನನ್ನ ತಲೆಗೇ ಬರಲಿಲ್ಲ."

ಇನ್‌ಸ್ಪೆಕ್ಟರ್ ಬೇರೆಲ್ಲೋ ನೋಡಿದರು.

"ನನ್ನ ಸಿಟ್ಟು ಇಳಿದಿಲ್ಲ," ಎಂದರು ಪಕ್ಕದ ಮನೆಯಾಕೆ. "ಬೇಗ ಇಳಿಯೋದೂ ಇಲ್ಲ. ಆದ್ರೆ ಈ ವಯಸ್ಸಿನವರನ್ನ ಮಳೇಲಿ ನಿಲ್ಲಿಸಿಕೊಂಡು ಕ್ಷಮೆ ಕೇಳಿಸ್ಕೊಳ್ಳೋಕೆ ನನಗೆ ಬರಲ್ಲ. ಒಳಗೆ ಕರ್ಕೊಂಡು ಬನ್ನಿ."

ಬೀಗ ತೆರೆದು, ಬಾಗಿಲನ್ನು ಅಗಲವಾಗಿ ಹಿಡಿದು ನಿಂತರು. ಅಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ಡಾಕ್ಟರಮ್ಮ ಕೆಸರಾದ ಶೂ ಕಳಚಿ ಅವರ ಹಿಂದೆ ಹೋದರು. ನಾನು ಬೂಟಿನ ದಾರ ಬಿಚ್ಚಲು ಬಗ್ಗಿದೆ, ಆಮೇಲೆ ಆ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟೆ.